ಬಿಡ್ತು ಅನ್ನು, ಕೊಟ್ರಬಸಮ್ಮ

ಆಗಸ್ಟ್ ತಿಂಗಳ ಒಂದು ಗುರುವಾರ, ಬೆಳಗಿನ ಹನ್ನೊಂದು ಗಂಟೆ. ಹಂಪಿಯ ಚಕ್ರತೀರ್ಥದಿಂದ ಒಂದಿಷ್ಟು ಕೆಳಗೆ, ಹೊಳೆಯಲ್ಲಿ ಎಮ್ಮೆ ಮಲಗಿದಂತೆ ಮಲಗಿರುವ ಬಂಡೆಯೊಂದರ ಮೇಲೆ ಸ್ಪೇನ್ ದೇಶದ ಮೂವರು ಹೆಂಗಸರು ಕೂತು ಸುಗಂಧಿ ಬಾಳೆಹಣ್ಣು ತಿನ್ನುತ್ತಿದ್ದರು. ಬಂಡೆಗೂ ದಡಕ್ಕೂ ನಡುವೆ ಪಾದ ಮುಳುಗುವಷ್ಟು ನೀರು. ದಡದಲ್ಲಿ ಅವರ ಗೈಡ್ ಕೊಟ್ರಬಸಮ್ಮ: ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಮೂವರ ಚಪ್ಪಲಿ, ಎದೆಯಲ್ಲಿ ಡವಡವ. ಮೇಲೆ ಅಣೆಕಟ್ಟು ತುಂಬಿತ್ತು. ಆ ದಿನ ಹೆಚ್ಚು ನೀರು ಬಿಡುವವರಿದ್ದರು. ಬಿಟ್ಟ ಮೇಲೆ ಆ ಎಮ್ಮೆಬಂಡೆಯ ಬೆನ್ನು ಕಣ್ಣಿಗೆ ಬೀಳುವುದಿಲ್ಲ, ಅದರ ಮೇಲೆ ಕೂತವರೂ ಬೀಳುವುದಿಲ್ಲ. ಈ ಮಾತನ್ನು ಅವಳು ಆ ಮೂವರಿಗೂ ಹೇಳಿದ್ದಳು, ಅವರ ಭಾಷೆಯಲ್ಲೇ ಹೇಳಿದ್ದಳು, ಉಚ್ಚಾರ ಕೂಡ ತಪ್ಪದ ಹಾಗೆ ಹೇಳಿದ್ದಳು. ಅನಾಹುತವೆಲ್ಲ ಇದ್ದದ್ದು ಆ ಚೆಂದದ ಮಾತಿನಲ್ಲೇ.

ಅದು ಹೇಗೆಂದು ತಿಳಿಯಬೇಕಾದರೆ ಕೊಟ್ರಬಸಮ್ಮನ ಭಯದ ಪೂರ್ವಾಪರ ಸ್ವಲ್ಪ ಗೊತ್ತಿರಬೇಕು.

ಅವಳು ಕಂಪ್ಲಿ ತಾಲ್ಲೂಕಿನ ಎಮ್ಮಿಗನೂರಿನವಳು. ವಯಸ್ಸು ನಲವತ್ತಾರು. ಜನ ಹಲ್ಲಿಗೆ ಹೆದರುತ್ತಾರೆ, ಹಾವಿಗೆ ಹೆದರುತ್ತಾರೆ, ಸಾಹೇಬರಿಗೆ ಹೆದರುತ್ತಾರೆ. ಇವಳು ಹೆದರಿದ್ದು ಒಂದು ಒತ್ತಕ್ಷರಕ್ಕೆ. ‘ದ್ರ’. ಪುಸ್ತಕದಲ್ಲಿ ‘ಬಂದರೆ, ಬಿದ್ದರೆ, ಹೋದರೆ’ ಎಂದು ಉದ್ದಕ್ಕೆ ಬರೆಯುವುದನ್ನು ಆ ಸೀಮೆಯ ನಾಲಿಗೆ ‘ಬಂದ್ರ, ಬಿದ್ರ, ಹೋದ್ರ’ ಎಂದು ಕಡಿದು ಬಿಸಾಕುತ್ತದೆ. ಒಂಬತ್ತು ವರ್ಷದ ಕೊಟ್ರಬಸಮ್ಮ ಒಂದು ದಿನ, ಕಬ್ಬು ಹೇರಿಕೊಂಡು ಹೊರಟಿದ್ದ ಸೋದರಮಾವನ ಟ್ರ್ಯಾಕ್ಟರ್ ನೋಡಿ, “ಮಾವಾ, ಇದು ಬಿದ್ರ?” ಎಂದು ಕೇಳಿದಳು. ಕಾಲುವೆಯ ತಿರುವಿನಲ್ಲಿ ಟ್ರೇಲರ್ ಮಗ್ಗುಲಾಯಿತು. ಮಾವನ ಹೆಗಲ ಮೂಳೆ ಮುರಿಯಿತು. ಹೇರಿದ ಕಬ್ಬು ಎಷ್ಟು, ಟೈರು ಎಷ್ಟು ಸವೆದಿತ್ತು ಎಂದು ಯಾರೂ ವಿಚಾರಿಸಲಿಲ್ಲ. ಅಜ್ಜಿ ನೆಟ್ಟಗೆ ಮೊಮ್ಮಗಳ ಬಳಿ ಬಂದಳು.

“ಮ್ಯಾಲ ಅಸ್ತು ದ್ಯಾವ್ರು ಅಡ್ಡಾಡತಿರ್ತಾರಬೇ. ನೀ ಏನರ ಅಂದ್ರ ಅಸ್ತು ಅಂದು ಹೊಕ್ಕಾರ. ಅವ್ರಿಗೇನು ಮತ್ತ ತಿರುಗಿ ಕೇಳೂ ರೂಢಿ ಇಲ್ಲ. ಬಿಡ್ತು ಅನ್ನು!”

“ಬಿಡ್ತು.”

“ಹಿಂಗ ಅನ್ನಬ್ಯಾಡ. ಕೆನ್ನಿ ಬಡ್ಕೊಂಡು ಅನ್ನು!”

ಅಂದಿನಿಂದ ಅವಳು ‘ದ್ರ’ ಬಿಟ್ಟಳು. ಬಿಟ್ಟರೂ ಅದು ಅವಳನ್ನು ಬಿಡುವ ಹಾಗಿರಲಿಲ್ಲ, ಯಾಕೆಂದರೆ ‘ಕೊಟ್ಟರೆ’ ಎಂಬುದೇ ‘ಕೊಟ್ರ’ ಆಗಿ ಹೆಸರಿನ ಮೊದಲಿಗೇ ಕೂತಿತ್ತು. ಶಾಲೆಯ ಹುಡುಗರು “ಕೊಟ್ರ ಬಸಮ್ಮ, ಕೊಡದಿದ್ರ ಉಸ್ಸಮ್ಮ” ಎಂದು ಕೂಗಿಕೊಂಡು ಓಡುತ್ತಿದ್ದರು. ಮದುವೆಯಾಗಿ ಕಮಲಾಪುರಕ್ಕೆ ಬಂದ ಮೇಲೂ ಅಷ್ಟೇ. ಗಂಡ ಸಿದ್ದಲಿಂಗೇಶ್ ತೋರಣಗಲ್ಲಿನ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸದವನು. ಒಂದು ದಿನ ಮನೋಹರ್ ಎಂಬ ವಿಮೆಯ ಏಜೆಂಟ್ ಮನೆಗೆ ಬಂದು, ಚಹಾದ ಲೋಟ ಕೈಗೆ ತಗೊಂಡು, “ಅಕ್ಕಾರ, ನಾಳೆ ಯಜಮಾನ್ರಿಗೆ ಏನಾರ ಆದ್ರ…” ಎಂದು ಬಾಯಿ ತೆಗೆದ. ಕೊಟ್ರಬಸಮ್ಮ ಅವನ ಕೈಯಿಂದ ಲೋಟ ಕಸಿದುಕೊಂಡಳು.

“ಮೊದ್ಲ ಬಿಡ್ತು ಅನ್ರಿ!”

“ಏನ್ ಬಿಡ್ಲ್ರೀ? ಚಾನಾ?”

ಅವನು ಹೋದ ಮೇಲೆ ಸಿದ್ದಲಿಂಗೇಶ್ ನಕ್ಕು, “ವಿಮೆ ಬ್ಯಾಡಂದ್ರ ಬ್ಯಾಡ, ಕೊಟ್ಟ ಚಾ ಕಸ್ಗಂಡಿಯಲ್ಲಬೇ. ಪಾಪ, ಆ ಮನಷ್ಯಾನ ಹೊಟ್ಟಿಪಾಡು ನಡಿಯೋದಾ ದ್ರ ಮ್ಯಾಲ” ಎಂದ. ಅವಳು ನಗಲಿಲ್ಲ. ಗಂಡನ ಕಂಪನಿ ಬಸ್ಸು ಹತ್ತು ನಿಮಿಷ ತಡವಾದರೂ ಅವಳ ಎದೆಯೊಳಗೆ ‘ದ್ರ’ಗಳು ಗುಂಪು ಕಟ್ಟಿ ನಿಲ್ಲುತ್ತಿದ್ದವು. ಒಂದನ್ನೂ ಆಡುವಂತಿಲ್ಲ. ಮೊಬೈಲಿಗೆ ‘ಎಚ್ಚರಿಕೆ’ ಎಂದು ಶುರುವಾಗುವ ಸಂದೇಶ ಬಂದರೆ ಓದದೆ ಬೋರಲು ಹಾಕಿಬಿಡುವಳು. ತಾನು ಓದದಿದ್ದರೆ ಅಸ್ತು ದೇವರಿಗೂ ಸುದ್ದಿ ಮುಟ್ಟಲಿಕ್ಕಿಲ್ಲ ಎಂಬ ಲೆಕ್ಕ.

ಇಂಥವಳು ಗೈಡ್ ಆದದ್ದು ಹೇಗೆಂದರೆ, ಗೈಡಿನ ಕೆಲಸದಲ್ಲಿ ಎಲ್ಲವೂ ಆಗಿಹೋದದ್ದು. ಗುಡಿ ಬಿದ್ದದ್ದು ಆಗಿದೆ, ಅರಸರು ಹೋದದ್ದು ಆಗಿದೆ. ಅಸ್ತು ಅನ್ನಲಿಕ್ಕೆ ಏನೂ ಉಳಿದಿಲ್ಲ. ತರಬೇತಿ ಮುಗಿಸಿ ಚೀಟಿ ಪಡೆದಳು. ಆದರೆ ಇಂಗ್ಲಿಷ್ ಬಲ್ಲ ಗೈಡುಗಳು ಹಂಪಿಯಲ್ಲಿ ಕಲ್ಲಿಗಿಂತ ಹೆಚ್ಚು. ಆಗಸ್ಟ್ ಬಂತೆಂದರೆ ರಜೆ ಹಾಕಿ ಬರುವ ಸ್ಪೇನಿನವರಿಗೆ ಮಾತ್ರ ಅವರ ಭಾಷೆಯಲ್ಲಿ ಹೇಳುವವರಿಲ್ಲ ಎಂದು ಅವಳು ಗಮನಿಸಿದಳು. ಹೊಸಪೇಟೆಯ ಒಂದು ಕಾನ್ವೆಂಟಿನಲ್ಲಿ, ಮೆಕ್ಸಿಕೊದಲ್ಲಿ ಇಪ್ಪತ್ತೆರಡು ವರ್ಷ ಇದ್ದು ಬಂದ ಮಂಗಳೂರು ಕಡೆಯ ವಯಸ್ಸಾದ ಸಿಸ್ಟರ್ ಒಬ್ಬರಿದ್ದರು. ಎರಡು ವರ್ಷ, ಪ್ರತಿ ಶನಿವಾರ ಮಧ್ಯಾಹ್ನ, ಕೊಟ್ರಬಸಮ್ಮ ಅವರೆದುರು ಬೆಂಚಿನ ಮೇಲೆ ಕೂತಳು.

ಎರಡನೆಯ ವರ್ಷದಲ್ಲಿ ಸಿಸ್ಟರ್ ಒಂದು ಹೊಸ ರೂಪ ತೆಗೆದರು. ‘ಕರೆ’ ಎಂಬುದಕ್ಕೆ ಸ್ಪ್ಯಾನಿಷಿನಲ್ಲಿ ‘ಯಮಾರ್’. ನೆಟ್ಟನೆಯ ಕ್ರಿಯಾಪದ, ಅಡ್ಡದಾರಿ ಹಿಡಿಯದ್ದು.

“ಅವರು ಕರೆದರು ಎಂಬುದಕ್ಕೆ ಯಮಾರೋನ್. ಗೊತ್ತುಂಟಲ್ಲ? ಅದರ ಬಾಲ ‘ರೋನ್’ ಕತ್ತರಿಸು. ಅಲ್ಲಿ ‘ರ’ ಅಂಟಿಸು. ನಾನು ಕರೆಯುವಂತಿದ್ದರೆ, ನೀನು ಕರೆಯುವಂತಿದ್ದರೆ, ಅವನು ಕರೆಯುವಂತಿದ್ದರೆ… ಹೇಳು ನೋಡುವ.”

“ಯಮಾರ, ಯಮಾರಸ್, ಯಮಾರ, ಯಮಾರಮೋಸ್, ಯಮಾರೈಸ್, ಯಮಾರನ್.” ಹೇಳಿ ಮುಗಿಸಿದವಳ ಮುಖ ಬಿಳುಚಿತ್ತು. “ಸಿಸ್ಟರ್, ಇದರಾಗ ಯಮ ಅದಾನ. ಯಾಮಾರೋದು ಐತಿ, ಮೋಸ ಐತಿ. ಎಲ್ಲಾ ಮುಗದ ಮ್ಯಾಲ ಊಟಕ್ಕ ರೈಸೂ ಐತಿ.”

“ಎಂತ ಮಾರಾಯ್ತಿ! ಆ ರೈಸು ಸ್ಪೇನಿನವರಿಗೆ ಮಾತ್ರ, ನಮ್ಮ ಮೆಕ್ಸಿಕೊದಲ್ಲಿ ಬಡಿಸುವುದಿಲ್ಲ. ಇದಕ್ಕೇ ಇನ್ನೊಂದು ರೂಪ ಉಂಟು. ಯಮಾಸೆ, ಯಮಾಸೆಸ್…”

“ಯಮನ ಆಸೆನಾ? ಅದು ಬ್ಯಾಡ್ರಿ. ಇದಾ ಸಾಕು.”

“ಆಯಿತು, ಇದೇ ಇರಲಿ. ಆದರೆ ಒತ್ತು ‘ಮಾ’ದ ಮೇಲೆ ಬೀಳಬೇಕು. ಕೊನೆಗೆ ಒತ್ತಿ ‘ಯಮರಾ’ ಎಂದರೆ ಭವಿಷ್ಯತ್ತು. ಕರೆದೇ ಕರೆಯುತ್ತಾನೆ ಎಂದಾಗುತ್ತದೆ.”

ಕರೆಯುವಂತಿದ್ದರೆ ಎಂಬುದಕ್ಕೂ ಕರೆದೇ ಕರೆಯುತ್ತಾನೆ ಎಂಬುದಕ್ಕೂ ಒಂದು ದೀರ್ಘದ ಅಂತರ! ಯಮ ಬಾಗಿಲ ಹೊರಗೆ ನಿಂತಿದ್ದಾನೋ ಒಳಗೆ ಬಂದನೋ ಎಂಬಷ್ಟೇ ಅಂತರ. ಕೊಟ್ರಬಸಮ್ಮ ಮನೆಯಲ್ಲಿ ರೊಟ್ಟಿ ಬಡಿಯುವಾಗ ಅಭ್ಯಾಸ ಮಾಡಿದಳು. ‘ಮಾ’ ಬಂದಾಗ ಅಂಗೈ ಜೋರಾಗಿ ಬೀಳಬೇಕು. “ಅವ್ವಾ, ರೊಟ್ಟಿ ಮ್ಯಾಲ ಅದೇನು ಸಿಟ್ಟು? ಹರಿತೈತಿ ನೋಡು” ಎಂದು ಮಗಳು ಸ್ಫೂರ್ತಿ ನಗುತ್ತಿದ್ದಳು.

ಮುಂದಿನ ಶನಿವಾರ ಅವಳು ಮುಖ್ಯವಾದ ಪ್ರಶ್ನೆ ಕೇಳಿದಳು. “ಇದು ಯಾತಕ್ಕ ಬರ್ತೈತ್ರಿ ಸಿಸ್ಟರ್?”

“ಇಲ್ಲದ್ದಕ್ಕೆ. ಆಗದ್ದಕ್ಕೆ. ನನಗೆ ರೆಕ್ಕೆ ಇರುತ್ತಿದ್ದರೆ, ನೀನು ರಾಣಿಯಾಗಿರುತ್ತಿದ್ದರೆ, ಹಾಗೆ.”

“ಅಲ್ರಿ… ಇದರಾಗ ಆಡಿದ್ದು ಯಾವುದೂ ಆಗಂಗಿಲ್ಲ ಅಂತಾನ್ರಿ?”

“ಆಗುವುದಿಲ್ಲ ಎಂದು ಹೇಳುವವನ ಎಣಿಕೆ. ಅದಕ್ಕೇ ನೋಡು, ನಿಜವಾಗಿ ಆಗಬಹುದಾದ್ದಕ್ಕೆ ಇದನ್ನು ಹಾಕಬೇಡ. ನಾನು ಕರೆದರೆ ಬನ್ನಿ ಎನ್ನಲಿಕ್ಕೆ ಸಾದಾ ವರ್ತಮಾನ ಸಾಕು. ‘ಸಿ ಯಾಮೋ’. ‘ಸಿ’ ಎಂದರೆ ‘ಒಂದು ವೇಳೆ’. ಬರೆದುಕೊಂಡೆಯಾ?”

ಬರೆದುಕೊಂಡಳು. ಆದರೆ ಕಿವಿಗೆ ಬಿದ್ದದ್ದು ಮೊದಲರ್ಧ ಮಾತ್ರ. ನಮ್ಮ ‘ಕರೆದ್ರ’ ಖಂಡಿತ ಕರೆಯುವವನಿಗೂ ಆಗುತ್ತದೆ, ಕನಸಿನಲ್ಲಿ ಕರೆಯುವವನಿಗೂ ಆಗುತ್ತದೆ. ಅವರು ಎರಡನ್ನೂ ಬೇರೆ ಬೇರೆ ಡಬ್ಬಿಯಲ್ಲಿ ಇಟ್ಟಿದ್ದಾರೆ. ಒಂದು ಡಬ್ಬಿಯ ಮೇಲೆ ‘ಇದು ಆಗುವುದಿಲ್ಲ’ ಎಂದು ಚೀಟಿಯನ್ನೇ ಅಂಟಿಸಿದ್ದಾರೆ! ಅಂದರೆ ಅಸ್ತು ದೇವರು ಆ ಡಬ್ಬಿಗೆ ಕೈ ಹಾಕುವಂತಿಲ್ಲ. ಅದೂ ಅಲ್ಲದೆ ಅದರ ಕೊನೆಗೆ ಎಮ್ಮಿಗನೂರಿನ ‘ದ್ರ’ದ ಹಾಗೆಯೇ ಒಂದು ‘ರ’. ಬಂದ್ರ, ಹೋದ್ರ, ಯಮಾರ. ಮನೆಯವರಂತೆಯೇ ಕಂಡಿತು.

ಆ ದಿನ ಹೊಸಪೇಟೆಯಿಂದ ಕಮಲಾಪುರದ ಬಸ್ಸಿನಲ್ಲಿ, ಕಿಟಕಿಗೆ ಮುಖ ಮಾಡಿ, ಮೂವತ್ತೇಳು ವರ್ಷ ಒಳಗೆ ಕೂಡಿಹಾಕಿದ್ದ ಭಯಗಳನ್ನು ಅವಳು ಒಂದೊಂದಾಗಿ ಹೊರಗೆ ಬಿಟ್ಟಳು. ಡಿಕ್ಕಿಗೆ ‘ಚೊಕಾರ್’: ಈ ಬಸ್ಸು ಡಿಕ್ಕಿ ಹೊಡೆಯುವಂತಿದ್ದರೆ, ಸಿ ಚೊಕಾರ. ಬರುವುದಕ್ಕೆ ‘ಯೆಗಾರ್’: ಗಂಡ ಮನೆಗೆ ಬಾರದಂತಿದ್ದರೆ, ಸಿ ನೋ ಯೆಗಾರ. ಬಸ್ಸು ಡಿಕ್ಕಿ ಹೊಡೆಯಲಿಲ್ಲ. ಸಿದ್ದಲಿಂಗೇಶ್ ಆರೂಕಾಲಕ್ಕೆ ಬಂದು, “ಏನಬೇ, ಒಬ್ಬಾಕೀನ ಏನೋ ಮಣಮಣ ಅನ್ನಾಕತ್ತೀಯಲ್ಲ?” ಎಂದ. ಅವಳಿಗೆ ಅಳು ಬಂತು. ಹೆದರಿಕೆಯನ್ನು ಬಾಯಿಬಿಟ್ಟು ಹೇಳಿಯೂ ಏನೂ ಆಗದೆ ಇರುವುದು ಎಷ್ಟು ಹಗುರ ಎಂದು ಅವಳಿಗೆ ಅಂದು ತಿಳಿಯಿತು.

ಹೀಗೆ ಯಮಾರನನ್ನು ಬೆನ್ನಿಗಿಟ್ಟುಕೊಂಡೇ ಅವಳು ಆ ಆಗಸ್ಟಿಗೆ ಕಾಲಿಟ್ಟದ್ದು.

ಮೂವರು ಹೆಂಗಸರು ಅಕ್ಕತಂಗಿಯರು. ಹಿರಿಯಳು ಪಿಲಾರ್, ಅರವತ್ತೆಂಟು ವರ್ಷ, ಸಾರಾಗೋಸಾ ಎಂಬ ಊರಿನಲ್ಲಿ ಮಕ್ಕಳಿಗೆ ಸ್ಪ್ಯಾನಿಷ್ ವ್ಯಾಕರಣ ಕಲಿಸಿ ನಿವೃತ್ತಳಾದವಳು. ಹೆಸರಿಗೆ ತಕ್ಕಂತೆ ಪಿಲ್ಲರಿನ ಹಾಗೇ ನೆಟ್ಟಗೆ ನಡೆಯುವಳು. ಸಪ್ತಸ್ವರದ ಕಂಬಗಳ ಪಕ್ಕ ನಿಲ್ಲಿಸಿದರೆ ಯಾರಾದರೂ ಬಡಿದು ನೋಡಿಯಾರು. ಮೊದಲ ದಿನವೇ ಆಟೋದಲ್ಲಿ ಕೊಟ್ರಬಸಮ್ಮನ ಬಾಯಲ್ಲಿ ಆ ‘ರ’ ರೂಪ ಕೇಳಿ ಅವಳನ್ನು ತಬ್ಬಿಕೊಂಡಳು. ತನ್ನ ಊರಿನ ಮಕ್ಕಳೇ ಇದನ್ನು ಇಷ್ಟು ಶುದ್ಧವಾಗಿ ಆಡುವುದಿಲ್ಲ ಎಂದಳು. ಕೊಟ್ರಬಸಮ್ಮ ಉಬ್ಬಿದಳು. ಉಬ್ಬಿ, ಬೇಕಿದ್ದಲ್ಲಿ ಬೇಡದಲ್ಲಿ ಅದನ್ನೇ ಬಡಿಸಿದಳು.

ಗುರುವಾರ ಬೆಳಗ್ಗೆ ಗೈಡುಗಳ ಗುಂಪಿಗೆ ಸಂದೇಶ ಬಂದಿತ್ತು: ಮಧ್ಯಾಹ್ನದ ಮೇಲೆ ಹೊಳೆಗೆ ಹೆಚ್ಚು ನೀರು, ಪ್ರವಾಸಿಗರನ್ನು ನೀರಿಗೆ ಇಳಿಸಬೇಡಿ. ಅದನ್ನು ಆ ಗುಂಪಿನ ಮುಖಂಡ ಓದಿ ಹೇಳಿದ್ದರಿಂದ ಅವಳಿಗೆ ಗೊತ್ತಾಯಿತು. ಹೊಳೆಯ ದಾರಿಯಲ್ಲಿ ಪಿಲಾರ್ ನಿಂತಳು. ಎದುರು ದಡದ ಮಂಟಪವನ್ನು ಆ ಬಂಡೆಯ ಮೇಲೆ ಕೂತು ಚಿತ್ರ ಬರೆಯಬೇಕೆಂಬ ಆಸೆ ಅವಳಿಗೆ. ಅರ್ಧ ಗಂಟೆ, ಹೆಚ್ಚಿಲ್ಲ. ಹೊತ್ತು ಇನ್ನೂ ಹತ್ತೂವರೆ. ಬೇಡ ಎನ್ನಬೇಕಾದ ಕೊಟ್ರಬಸಮ್ಮ, ಹೊಗಳಿಸಿಕೊಂಡ ದಾಕ್ಷಿಣ್ಯಕ್ಕೆ ಹೂಂ ಎಂದಳು. ಎಚ್ಚರಿಕೆಯನ್ನಾದರೂ ಕೊಡಬೇಕಲ್ಲ.

ಹೇಳಬೇಕಾದದ್ದು ಇಷ್ಟೇ: ನೀರು ಬರುತ್ತದೆ, ನಾನು ಕರೆದ ಕೂಡಲೇ ಎದ್ದು ಬನ್ನಿ. ಆದರೆ ಹೊಳೆಯ ದಡದಲ್ಲಿ ನಿಂತು, ಮೂರು ಜೀವಗಳ ಮುಖ ನೋಡಿ, ‘ನೀರು ಬರುತ್ತದೆ’ ಎನ್ನುವುದೆ? ಅಸ್ತು ಅಂದುಬಿಟ್ಟರೆ? ಅವಳು ಭದ್ರವಾದ ಡಬ್ಬಿಗೇ ಕೈ ಹಾಕಿದಳು.

“ಸಿ ಯೆಗಾರ ಎಲ್ ಆಗ್ವಾ… ಸಿ ಯೋ ಲೆಸ್ ಯಮಾರ…”

ಅಂದರೆ: ಹಾಗೇನೂ ಇಲ್ಲ, ಆದರೂ ಒಂದು ವೇಳೆ ನೀರು ಬರುವಂತಿದ್ದರೆ, ನಾನು ನಿಮ್ಮನ್ನು ಕರೆಯುವಂತಿದ್ದರೆ…

ಪಿಲಾರ್ ಶಿಷ್ಯೆಯ ವಾಕ್ಯ ಪೂರ್ತಿ ಮಾಡುವ ಮೇಡಮ್ಮಿನ ಹಾಗೆ ನಗುತ್ತ, “ನಾವು ಹಾರಿಕೊಂಡು ಬರುತ್ತಿದ್ದೆವು!” ಎಂದಳು. ಚಪ್ಪಲಿ ಬಿಚ್ಚಿ ಅವಳ ಕೈಗೆ ಕೊಟ್ಟು ಮೂವರೂ ಬಂಡೆಗೆ ದಾಟಿದರು.

ಹನ್ನೊಂದಕ್ಕೆ ಕೊಟ್ರಬಸಮ್ಮನ ಚೀಲದಲ್ಲಿ ಮೊಬೈಲ್ ನಡುಗಿತು. ತೆಗೆದು ನೋಡಿದಳು. ‘ಎಚ್ಚರಿಕೆ:’ ಎಂದಿತ್ತು. ಮುಂದಿನ ಸಾಲಿಗೆ ಕಣ್ಣು ಹೋಗುವ ಮೊದಲೇ ಬೋರಲು ಹಾಕಿ ಚೀಲಕ್ಕೆ ತುರುಕಿದಳು. ಬಿಡ್ತು, ಬಿಡ್ತು ಎಂದು ಮನಸ್ಸಿನಲ್ಲೇ ಕೆನ್ನೆ ಬಡಿದುಕೊಂಡಳು. ಕರೆಯಲೇ? ಏನೂ ಆಗದೆ ಕರೆದರೆ ನಕ್ಕಾರು. ಇನ್ನು ಐದು ನಿಮಿಷ ನೋಡೋಣ. ಐದು ಹತ್ತಾಯಿತು. ಹೊಳೆಯ ಬಣ್ಣ ಕದಡಿದ ಚಹಾದಂತೆ ಆಗಿತ್ತು. ನೋಡಿಯೂ ನೋಡದವಳಂತೆ ಅವಳು ಎದುರಿನ ಗುಡ್ಡ ನೋಡಿದಳು.

ಅಷ್ಟರಲ್ಲಿ ಮೇಲಿನಿಂದ ತೆಪ್ಪದ ಜಂಬುನಾಥ ಓಡುತ್ತ ಬಂದ. ತೆಪ್ಪ ಬಿಡುವುದನ್ನು ಎರಡು ದಿನದಿಂದ ನಿಲ್ಲಿಸಿದ್ದರು. ಅವನು ತನ್ನ ತೆಪ್ಪವನ್ನು ದಡದ ಮೇಲಕ್ಕೆ ಎಳೆದು ಹಾಕಿ, ಹಗ್ಗ ಹೆಗಲಿಗೇರಿಸಿಕೊಂಡು ಬಂದಿದ್ದ.

“ಯಕ್ಕಾ! ಆ ಮುದೇರು ಅಲ್ಯಾಕ ಕುಂತಾರ? ನೀರು ಬಂದ್ರ ಏನ್ ಮಾಡ್ತಿ?”

“ಥೂ ನಿನ್ನ ಬಾಯಾಗ ಮಣ್ಣು ಬೀಳ್ಲಿ! ಬಿಡ್ತು ಅನ್ನೋ!”

“ಬಿಡ್ತು!”

“ಹಾಂ, ಹಂಗನ್ನು.”

“ಹಂಗಲ್ಲಬೇ, ಖರೇನ ಬಿಡ್ತು! ಡ್ಯಾಮ್ ಬಿಡ್ತು! ಟೈಮಿಗಿಂತ ಮೊದ್ಲಾ ಬಿಟ್ಟಾರ, ಎಲ್ಲಾರ ಮೊಬೈಲಿಗಿ ಬಂದೈತಿ, ನೀ ನೋಡಿಲ್ಲೇನು?”

ಯಾವ ಮಾತು ಇಷ್ಟು ವರ್ಷ ಅವಳ ತಾಯಿತವಾಗಿತ್ತೋ ಆ ಮಾತೇ ಕಣ್ಣೆದುರು ತಿರುಗಿ ನಿಂತು ಹಲ್ಲು ಕಿರಿಯಿತು. ಬಿಡ್ತು. ಅವಳು ಕೆಳಗೆ ನೋಡಿದಳು. ಬಂಡೆಗೂ ದಡಕ್ಕೂ ನಡುವಿನ ನೀರು ಪಾದ ಬಿಟ್ಟು ಮೊಣಕಾಲಿನದಾಗಿತ್ತು. ಕಸ, ನೊರೆ, ಒಂದು ಅಂತರಗಂಗೆಯ ಗಿಡ ಅವಸರವಾಗಿ ಹರಿದು ಹೋದವು. ಬಂಡೆಯ ಆಚೆ ಬದಿಗೆ ಮುಖ ಮಾಡಿ ಕೂತಿದ್ದ ಮೂವರಿಗೂ ಅದು ಕಾಣುತ್ತಿರಲಿಲ್ಲ.

“ಯೆಗಾರ!” ಎಂದು ಚೀರಿದಳು ಕೊಟ್ರಬಸಮ್ಮ. “ಎಲ್ ಆಗ್ವಾ ಯೆಗಾರ!”

ಪಿಲಾರ್ ತಿರುಗಿ ನೋಡಿದಳು. ನೀರನ್ನು ನೋಡಲಿಲ್ಲ, ವಾಕ್ಯವನ್ನು ನೋಡಿದಳು. ಪೆನ್ಸಿಲ್ ಎತ್ತಿ, ಹೊಳೆಯ ಸದ್ದಿಗಿಂತ ಗಟ್ಟಿಯಾಗಿ, “ಸೀ ಯೆಗಾರ! ಸೀ!” ಎಂದು ಕೂಗಿದಳು. ‘ಒಂದು ವೇಳೆ’ ಎಂಬ ‘ಸಿ’ ಬಿಟ್ಟುಹೋಗಿದೆ ಎಂದು ತಿದ್ದುತ್ತಿದ್ದಳು!

“ಯಮಾರ! ಯಮಾರ!”

“ಯಾರು ಯಾಮಾರಿದ್ರಬೇ? ಜಲ್ದಿ ಕರಿ ಅವರ್ನ!” ಜಂಬುನಾಥ ಹಗ್ಗದ ಒಂದು ತುದಿಯನ್ನು ಕಲ್ಲುಕಂಬಕ್ಕೆ ಬಿಗಿಯುತ್ತಿದ್ದ.

“ಕರಿಯಾಕತ್ತೀನಲ್ಲೋ!”

“ಹಿಂಗೇನ್ ಕರಿಯೋದು? ಅವ್ರು ಕೈ ಬೀಸಾಕತ್ತಾರ ನೋಡು, ಟಾಟಾ ಅಂದಂಗ!”

ಕೊಟ್ರಬಸಮ್ಮನಿಗೆ ಗೊತ್ತಾಯಿತು. ಇಲ್ಲದ್ದಕ್ಕೆ ಇರುವ ರೂಪದಲ್ಲಿ ಅವಳು ಎಷ್ಟು ಜೋರಾಗಿ ಕೂಗಿದರೂ ಆ ಮೂವರಿಗೆ ನೀರು ಇಲ್ಲವೇ ಇಲ್ಲ. ಇನ್ನೊಂದು ಡಬ್ಬಿ ತೆಗೆಯಬೇಕು. ಅದರಲ್ಲಿ ಇರುವುದು ಆಗುವಂಥದ್ದು, ಆಗುತ್ತಿರುವಂಥದ್ದು. ಅದನ್ನು ಬಾಯಲ್ಲಿ ಆಡಿದರೆ ತಾನೇ ಕರೆದು ತಂದಂತೆ. ಟ್ರೇಲರ್ ಮಗ್ಗುಲಾದ ಕಾಲುವೆಯ ತಿರುವು ಕಣ್ಣ ಮುಂದೆ ಬಂತು. ಬಂಡೆಯ ಅಂಚಿನಲ್ಲಿಟ್ಟಿದ್ದ ಬಾಳೆಹಣ್ಣಿನ ಸಿಪ್ಪೆಯನ್ನು ನೀರು ಎತ್ತಿಕೊಂಡು ಹೋಯಿತು.

ಅವಳು ಕಣ್ಣು ಮುಚ್ಚಿಕೊಂಡಳು. ಚಪ್ಪಲಿಗಳನ್ನು ಎಸೆದಳು.

“ಯೇಗಾ ಎಲ್ ಆಗ್ವಾ! ಯೇಗಾ! ಲೆಸ್ ಯಾಮೋ! ಬಾನ್ ಆ ಮೊರಿರ್!”

ನೀರು ಬರುತ್ತಿದೆ. ಬರುತ್ತಿದೆ. ನಿಮ್ಮನ್ನು ಕರೆಯುತ್ತಿದ್ದೇನೆ. ನೀವು ಸಾಯುತ್ತೀರಿ. ‘ಸಿ’ ಇಲ್ಲ, ‘ರ’ ಇಲ್ಲ, ‘ದ್ರ’ ಇಲ್ಲ. ಹುಟ್ಟಿ ನಲವತ್ತಾರು ವರ್ಷದಲ್ಲಿ ಯಾರಿಗೂ ಆಡದ ಮಾತು. ಅದರ ಹಿಂದೆಯೇ ಕನ್ನಡದಲ್ಲೂ ಬಂತು: “ಸಾಯ್ತೀರಿ! ಮೂರೂ ಮಂದಿ ಸಾಯ್ತೀರಿ! ಏಳ್ರಿ!”

ಪಿಲಾರಳ ಪೆನ್ಸಿಲ್ ಕೆಳಗಿಳಿಯಿತು.

ಜಂಬುನಾಥ ಹಗ್ಗ ಎಸೆದ. ಎರಡನೆಯ ಸಲಕ್ಕೆ ನಡುವಿನವಳು ಹಿಡಿದಳು. ನೀರು ತೊಡೆಗೆ ಬಂದಿತ್ತು. ಕಿರಿಯವಳು ಮೊದಲು ಬಂದಳು, ಅಳುತ್ತ. ನಡುವಿನವಳು ಬಂದಳು, ಬೈಯುತ್ತ. ಪಿಲಾರ್ ಕೊನೆಗೆ ಇಳಿದಳು, ಚಿತ್ರದ ಪುಸ್ತಕ ಕಂಕುಳಲ್ಲಿ. ನಾಲ್ಕು ಹೆಜ್ಜೆ ಪಿಲ್ಲರಿನಂತೆ ನಡೆದಳು. ಐದನೆಯದಕ್ಕೆ ಪಾಚಿಯ ಮೇಲೆ ಕಾಲು ಹೋಯಿತು, ಹಗ್ಗ ಕೈಯಿಂದ ಹೋಯಿತು, ಪುಸ್ತಕ ಹೋಯಿತು. ಎರಡು ಬಂಡೆಗಳ ಸಂದಿಯಲ್ಲಿ ಮೊಣಕೈ ಸಿಕ್ಕಿಸಿಕೊಂಡು ಅವಳು ನೇತಾಡಿದಳು.

“ಹಗ್ಗ ಬಿಡಬ್ಯಾಡೋ!” ಎಂದವಳೇ ಕೊಟ್ರಬಸಮ್ಮ ನೀರಿಗಿಳಿದಳು. ಧೈರ್ಯದಿಂದಲ್ಲ. ದಡದಲ್ಲಿ ನಿಂತು ನೋಡುವ ಭಯ ನೀರಿನ ಭಯಕ್ಕಿಂತ ದೊಡ್ಡದಿತ್ತು, ಅಷ್ಟೇ. ಒಂದು ಕೈಯಲ್ಲಿ ಹಗ್ಗ, ಇನ್ನೊಂದು ಚಾಚಿದ್ದು. ಹೆಜ್ಜೆಹೆಜ್ಜೆಗೂ ಆದದ್ದನ್ನು ಆದಂತೆಯೇ ಒದರಿದಳು. “ಸೊಂಟಕ್ಕ ಬಂತು! ಕಾಲು ಜಾರಾಕತ್ತೈತಿ! ತಣ್ಣಗೈತಿ! ಎದಿಗಿ ಬಂತೋ!”

“ಎಲ್ಲಾ ನನಗ್ಯಾಕ ಹೇಳ್ತೀಬೇ, ನನಗಾ ಕಾಣಾಕತ್ತೈತಿ!” ಎಂದು ಜಂಬುನಾಥ ಹಗ್ಗ ಬಿಗಿ ಹಿಡಿದು ಅರಚಿದ.

ಪಿಲಾರಳ ಮಣಿಕಟ್ಟು ಸಿಕ್ಕಿತು. ಒದ್ದೆ ಮೀನಿನಂತೆ ಒಮ್ಮೆ ಜಾರಿತು. ಮತ್ತೆ ಸಿಕ್ಕಿತು. ಕೊಟ್ರಬಸಮ್ಮನ ಉಗುರು ಆ ಬಿಳಿ ಚರ್ಮದೊಳಗೆ ಇಳಿದವು. ಜಂಬುನಾಥ, ಇಬ್ಬರು ತಂಗಿಯರು, ಮೂವರೂ ಸೇರಿ ಎಳೆದರು. ದಡದ ಕಲ್ಲಿಗೆ ಗಲ್ಲ ಬಡಿದಾಗಲೇ ತಾನು ದಡಕ್ಕೆ ಬಂದೆ ಎಂದು ಅವಳಿಗೆ ಗೊತ್ತಾದದ್ದು.

ಕಾಲು ಗಂಟೆಯಲ್ಲಿ ಎಮ್ಮೆ ಮುಳುಗಿತು. ಮೊದಲು ಬೆನ್ನು, ಆಮೇಲೆ ಕೋಡಿನಂತಿದ್ದ ತುದಿ. ಐವರೂ ನೋಡುತ್ತ ಕೂತರು.

ಜಂಬುನಾಥನ ಟವೆಲ್ ಹೊದ್ದುಕೊಂಡು ನಡುಗುತ್ತಿದ್ದ ಪಿಲಾರ್ ಕೊನೆಗೆ ಮೆಲ್ಲನೆ ಹೇಳಿದಳು. ಮೂವತ್ತಾರು ವರ್ಷ ಮಕ್ಕಳ ಪುಸ್ತಕದಲ್ಲಿ ತಪ್ಪಿದ ಆ ‘ರ’ಕ್ಕೆ ಕೆಂಪು ಗೆರೆ ಎಳೆದವಳು ನಾನು. ‘ಯೆಗಾರ’ ಎಂದು ಯಾರಾದರೂ ಅಂದರೆ, ಬರುವುದಿಲ್ಲ ಎಂದೇ ನನ್ನ ಕಿವಿಗೆ ಕೇಳುವುದು. ಆಕಾಶ ನೋಡಿದೆ, ಒಂದು ಹನಿ ಮಳೆಯಿಲ್ಲ. ಈ ಹೆಂಗಸಿನ ವ್ಯಾಕರಣ ಎಷ್ಟು ಚೆಂದ ಎಂದುಕೊಂಡು ಕೂತೆ. ನೆಟ್ಟಗೆ ಯಾಕೆ ಹೇಳಲಿಲ್ಲ ನೀನು?

ಕೊಟ್ರಬಸಮ್ಮ ಅಸ್ತು ದೇವರ ವಿಷಯ ಹೇಳಿದಳು. ಸ್ಪ್ಯಾನಿಷಿನಲ್ಲಿ ಅರ್ಧ, ಅಳುವಿನಲ್ಲಿ ಅರ್ಧ. ತಪ್ಪು ನನ್ನದು, ಸಂದೇಶವನ್ನೂ ಓದಲಿಲ್ಲ ಎಂದಳು. ಬೈಸಿಕೊಳ್ಳಲು ತಲೆ ತಗ್ಗಿಸಿದಳು. ಪಿಲಾರ್ ಅತ್ತಿತ್ತ ಏನನ್ನೋ ಹುಡುಕಿದಳು. ಅವರ ದೇಶದಲ್ಲಿ ಕೆಟ್ಟದ್ದು ತಟ್ಟಬಾರದೆಂದರೆ ಮರ ಮುಟ್ಟಬೇಕಂತೆ. ಹಂಪಿಯಲ್ಲಿ ಎಲ್ಲಿ ಕೈಯಿಟ್ಟರೂ ಕಲ್ಲು. ಎದ್ದು ಕುಂಟುತ್ತ ಹೋಗಿ ಜಂಬುನಾಥನ ತೆಪ್ಪದ ಬಿದಿರನ್ನು ಎರಡು ಕೈಯಿಂದ ಮುಟ್ಟಿ ನಿಂತಳು.

“ಆ ಮುದೇಕಿ ತೆಪ್ಪ ಕೊಳ್ಳಾಕತ್ತಾಳೇನಬೇ?” ಎಂದ ಜಂಬುನಾಥ.

ಕೊಟ್ರಬಸಮ್ಮ ಅಂದೇ ಮಧ್ಯಾಹ್ನ ಮುಖಂಡನ ಬಳಿ ಹೋಗಿ ನಡೆದದ್ದನ್ನು ನಡೆದಂತೆ ಹೇಳಿದಳು. ಬೈಸಿಕೊಂಡಳು. ಗುರುತಿನ ಚೀಟಿ ಹತ್ತು ದಿನ ಅವನ ಮೇಜಿನ ಖಾನೆಯಲ್ಲಿತ್ತು. ಗಂಟಲು ಹರಿದು ಮೂರು ದಿನ ಅವಳಿಂದ ಯಾವ ಭಾಷೆಯಲ್ಲೂ, ಯಾವ ರೂಪದಲ್ಲೂ ಒಂದು ಶಬ್ದ ಹೊರಡಲಿಲ್ಲ. ಆ ದಿನಗಳಲ್ಲಿ ಸಿದ್ದಲಿಂಗೇಶ್ ಶಿಫ್ಟಿಗೆ ಹೊರಟಾಗ, ಹೆಂಡತಿ ಬಾಗಿಲಲ್ಲಿ ನಿಂತು ಸುಮ್ಮನೆ ನೋಡುವುದನ್ನು ಕಂಡು, “ಏನರ ಅನ್ನಬೇ, ಭಯ ಆಗತೈತಿ” ಎಂದ.

ಆಗಸ್ಟಿನ ಕೊನೆಯ ವಾರ ಚೀಟಿ ಮರಳಿ ಬಂತು. ಹನ್ನೊಂದು ಮಂದಿಯ ಹೊಸ ಗುಂಪು, ಸ್ಪೇನಿನವರೇ. ಹೊಳೆ ದಡದ ತುಂಬ ಹರಿಯುತ್ತಿತ್ತು. ಅಷ್ಟು ನೀರನ್ನು ಹತ್ತಿರದಿಂದ ನೋಡಬೇಕು, ನಾಲ್ಕು ಮೆಟ್ಟಿಲು ಇಳಿಯಬಹುದೇ ಎಂದು ಒಬ್ಬ ಗಡ್ಡದವನು ಕೇಳಿದ. ಕೊಟ್ರಬಸಮ್ಮನ ನಾಲಿಗೆಯ ತುದಿಗೆ ಹಳೆಯ ‘ರ’ ಬಂದು ಕೂತಿತು. ಎಷ್ಟು ಮೆತ್ತಗಿತ್ತು ಅದು, ಎಷ್ಟು ಭದ್ರ. ಅದನ್ನು ನುಂಗಿದಳು.

“ಯೇಗಾ ಎಲ್ ಆಗ್ವಾ” ಎಂದಳು. ನೀರು ಬರುತ್ತದೆ.

“ಬರಬಹುದು ಎಂದೇ?” ಎಂದ ಗಡ್ಡದವನು.

“ಬರುತ್ತದೆ. ಇಳಿದವರು ಸಾಯುತ್ತಾರೆ.”

ಅವಳ ಮುಖ ನೋಡಿ ಹನ್ನೊಂದು ಮಂದಿಯೂ ಹತ್ತು ಹೆಜ್ಜೆ ಹಿಂದೆ ಸರಿದರು. ಕೊಟ್ರಬಸಮ್ಮ ಇಪ್ಪತ್ತು ಹೆಜ್ಜೆ ಸರಿದಳು.